ಒಟಿಪಿ ಕೊಟ್ಟರೆ ಹಕ್ಕು ಬಿಟ್ಟುಕೊಟ್ಟಂತಲ್ಲ

“ಒಟಿಪಿ ನೀವೇ ಹಾಕಿದ್ದಲ್ವಾ ಮೇಡಂ? ಹಾಗಾದ್ರೆ ನಾವೇನೂ ಮಾಡೋಕಾಗಲ್ಲ.”

ಬ್ಯಾಂಕಿನ ಕೌಂಟರಿನಲ್ಲಿ ಈ ಮಾತು ಕೇಳಿ ತಲೆ ತಗ್ಗಿಸಿ ಮನೆಗೆ ಬಂದವರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ನಮ್ಮ ಬೀದಿಯಲ್ಲಿ ರವಿಕೆ ಹೊಲಿದು ಸಂಸಾರ ನಡೆಸುವ ಹೆಣ್ಣುಮಗಳೊಬ್ಬರು ಅವರಲ್ಲಿ ಒಬ್ಬರು. ಸ್ತ್ರೀಶಕ್ತಿ ಸಂಘದಲ್ಲಿ ಸಾಲ ತೆಗೆದು, ಆನ್‌ಲೈನ್ ಅಂಗಡಿಯೊಂದರಲ್ಲಿ ಓವರ್‌ಲಾಕ್ ಮಷೀನಿಗೆ ಡೆಬಿಟ್ ಕಾರ್ಡಿನಿಂದ ಪೂರ್ತಿ ಹಣ ಕಟ್ಟಿದ್ದರು. ವಾರದೊಳಗೆ ಬರುತ್ತದೆ ಎಂದಿದ್ದ ಮಷೀನು ತಿಂಗಳಾದರೂ ಬರಲಿಲ್ಲ. ಅಂಗಡಿಯವರು ಮೊದಮೊದಲು ‘ನಾಳೆ, ನಾಡಿದ್ದು’ ಎಂದರು. ಆಮೇಲೆ ಫೋನು ಎತ್ತುವುದನ್ನೇ ಬಿಟ್ಟರು. ಮಷೀನು ಬರದಿದ್ದರೂ ಸಂಘದ ಕಂತು ತಪ್ಪುವಂತಿಲ್ಲ. ಬ್ಯಾಂಕಿನಿಂದ ಬರಿಗೈಯಲ್ಲಿ ಬಂದವರು ನನ್ನೆದುರು ಹೇಳಿದ್ದು ಇಷ್ಟೇ: “ಹೋಯ್ತು ಬಿಡಿ ಸಾರ್, ನನ್ನ ಹಣೆಬರಹ.”

ಹಣೆಬರಹವೆಂದು ಬಿಡಬೇಕಾದ ಸಂಗತಿ ಇದಲ್ಲ. ಒಟಿಪಿ ಎಂಬ ಆರು ಅಂಕೆಗಳು ಏನನ್ನು ಸಾಬೀತು ಮಾಡುತ್ತವೆ ಎಂದು ಒಮ್ಮೆ ಯೋಚಿಸಿ. ಕಾರ್ಡಿನ ಒಡೆಯರು ಹಣ ಕೊಡಲು ಒಪ್ಪಿದರು ಎಂಬುದನ್ನು ಅವು ಹೇಳುತ್ತವೆ. ಅಷ್ಟರಲ್ಲೇ ಅವುಗಳ ಕೆಲಸ ಮುಗಿಯಿತು. ಸಾಮಾನು ಮನೆ ಬಾಗಿಲಿಗೆ ಬಂತೇ, ಬಂದದ್ದು ಹೇಳಿದ ಸಾಮಾನೇ, ಸಮಯಕ್ಕೆ ಬಂತೇ ಎಂಬ ಯಾವ ಪ್ರಶ್ನೆಗೂ ಒಟಿಪಿಯಲ್ಲಿ ಉತ್ತರವಿಲ್ಲ. ಕೊಂಡವರು ತಮ್ಮ ಮಾತು ನಡೆಸಿದ್ದಾರೆ, ಮಾರಿದವರು ನಡೆಸಿಲ್ಲ. ಹೀಗಿರುವಾಗ ಮಾತು ನಡೆಸಿದವರ ಬಾಯಿಯನ್ನೇ ಒಟಿಪಿಯಿಂದ ಮುಚ್ಚಿಸುವುದು ನ್ಯಾಯವೂ ಅಲ್ಲ, ನಿಯಮವೂ ಅಲ್ಲ.

ಸಂತೆಯಲ್ಲಿ ಒಂದು ಕೈಯಿಂದ ದುಡ್ಡು ಕೊಟ್ಟು ಇನ್ನೊಂದು ಕೈಯಿಂದ ಸೊಪ್ಪಿನ ಕಟ್ಟು ತೆಗೆದುಕೊಳ್ಳುತ್ತೇವೆ. ಕೊಡುವುದೂ ಪಡೆಯುವುದೂ ಒಂದೇ ಗಳಿಗೆಯಲ್ಲಿ ಮುಗಿಯುತ್ತದೆ. ನಮ್ಮ ದೇಶದ ಸರಕು ಮಾರಾಟ ಕಾಯ್ದೆ ಬಂದದ್ದು 1930ರಲ್ಲಿ. ಬೇರೆ ಒಪ್ಪಂದವಿಲ್ಲದಿದ್ದರೆ ಹಣ ಕೊಡುವುದು ಮತ್ತು ಸರಕು ಒಪ್ಪಿಸುವುದು ಜೊತೆಜೊತೆಯಾಗಿ ನಡೆಯಬೇಕು ಎಂದು ಅದರ 32ನೇ ಕಲಮು ಹೇಳುತ್ತದೆ. ಆನ್‌ಲೈನ್ ವ್ಯಾಪಾರ ಈ ಜೋಡಿಯನ್ನು ಬಿಡಿಸಿತು. ಹಣ ಮೊದಲು ಹೋಗುತ್ತದೆ, ಸರಕು ಆಮೇಲೆ ಬರುತ್ತದೆ, ನಡುವೆ ಕೆಲವು ದಿನ ಕೊಂಡವರು ಬರೀ ನಂಬಿಕೆಯ ಮೇಲೆ ಕಾಯುತ್ತಾರೆ. ಆ ನಂಬಿಕೆ ಮುರಿದಾಗ ಹಿಡಿದುಕೊಳ್ಳಲು ಏನಾದರೂ ಬೇಕು. ಕಾರ್ಡಿನ ವ್ಯವಸ್ಥೆಯಲ್ಲಿ ಅದಕ್ಕೆಂದೇ ಒಂದು ದಾರಿ ಇದೆ. ಅದರ ಹೆಸರು ಚಾರ್ಜ್‌ಬ್ಯಾಕ್.

ಅದು ನಡೆಯುವ ಬಗೆ ಹೀಗೆ. ನಿಮಗೆ ಕಾರ್ಡು ಕೊಟ್ಟದ್ದು ಒಂದು ಬ್ಯಾಂಕು, ಅಂಗಡಿಯವರ ಪರವಾಗಿ ಹಣ ಪಡೆದದ್ದು ಇನ್ನೊಂದು ಬ್ಯಾಂಕು. ಎರಡರ ನಡುವೆ ರುಪೇ, ವೀಸಾ, ಮಾಸ್ಟರ್‌ಕಾರ್ಡ್‌ನಂಥ ಜಾಲಗಳಿವೆ. ‘ಹಣ ಕೊಟ್ಟಿದ್ದೇನೆ, ಸಾಮಾನು ಬಂದಿಲ್ಲ’ ಎಂದು ನೀವು ನಿಮ್ಮ ಬ್ಯಾಂಕಿಗೆ ದೂರು ಕೊಡಬೇಕು. ನಿಮ್ಮ ಬ್ಯಾಂಕು ಅದನ್ನು ಜಾಲದ ಮೂಲಕ ಅಂಗಡಿಯವರ ಬ್ಯಾಂಕಿಗೆ ದಾಟಿಸುತ್ತದೆ. ಆ ಬ್ಯಾಂಕು ಅಂಗಡಿಯವರನ್ನು ಕೇಳುತ್ತದೆ: ಸಾಮಾನು ಕಳಿಸಿದ್ದಕ್ಕೆ, ಅದು ತಲುಪಿದ್ದಕ್ಕೆ ಪುರಾವೆ ಎಲ್ಲಿ? ಪುರಾವೆ ಬಾರದಿದ್ದರೆ, ಬಂದರೂ ಅದು ಗಟ್ಟಿಯಾಗಿಲ್ಲದಿದ್ದರೆ, ಹಣ ಹೋದ ದಾರಿಯಲ್ಲೇ ಮರಳಿ ಬರುತ್ತದೆ. ಜಾಲಗಳ ಬಾಗಿಲನ್ನು ಗ್ರಾಹಕರು ನೇರವಾಗಿ ತಟ್ಟುವಂತಿಲ್ಲ. ನಿಮ್ಮ ಪರವಾಗಿ ಈ ದಾವೆ ಹೂಡಬಲ್ಲದ್ದು ನಿಮ್ಮ ಬ್ಯಾಂಕು ಮಾತ್ರ. ‘ನಾವೇನೂ ಮಾಡೋಕಾಗಲ್ಲ’ ಎಂದು ಬ್ಯಾಂಕಿನವರೇ ಹೇಳಿದಾಗ ಇರುವ ಒಂದೇ ಬಾಗಿಲೂ ಮುಚ್ಚಿಕೊಳ್ಳುತ್ತದೆ. ಕೌಂಟರಿನ ಆ ಒಂದು ವಾಕ್ಯ ಅಷ್ಟು ಭಾರದ್ದಾಗುವುದು ಇದರಿಂದ.

ಈ ಸೌಲಭ್ಯ ಕ್ರೆಡಿಟ್ ಕಾರ್ಡಿಗೆ ಮಾತ್ರ ಎಂಬ ತಪ್ಪು ತಿಳಿವಳಿಕೆ ವಿದ್ಯಾವಂತರಲ್ಲೂ ಇದೆ. ಡೆಬಿಟ್ ಕಾರ್ಡಿಗೂ ಇದೆ. ಆದರೆ ಎರಡರಲ್ಲಿ ನೋವಿನ ಪ್ರಮಾಣ ಬೇರೆ. ಕ್ರೆಡಿಟ್ ಕಾರ್ಡಿನಲ್ಲಿ ಮೊದಲು ಹೋಗುವುದು ಬ್ಯಾಂಕಿನ ಹಣ. ಡೆಬಿಟ್ ಕಾರ್ಡಿನಲ್ಲಿ ಹೋಗುವುದು ನಮ್ಮ ಖಾತೆಯಲ್ಲಿದ್ದ ಹಣ, ಮನೆ ಬಾಡಿಗೆಗೋ ಮಗುವಿನ ಶಾಲೆಯ ಫೀಸಿಗೋ ಎತ್ತಿಟ್ಟದ್ದು. ಇಂಥ ದೂರು ಬಂದಾಗ ಕೆಲವು ಬ್ಯಾಂಕುಗಳು ತಾತ್ಕಾಲಿಕವಾಗಿ ಹಣ ಜಮಾ ಮಾಡುವುದುಂಟು. ಅಂಗಡಿಯವರ ಪುರಾವೆ ಗೆದ್ದರೆ ಅದನ್ನು ಹಿಂದಕ್ಕೆ ಪಡೆಯುತ್ತವೆ. ಆದ್ದರಿಂದ ಹಣ ಖಾತೆಗೆ ಬಂತೆಂದು ಕೂಡಲೇ ಖರ್ಚು ಮಾಡಬೇಡಿ. ದೂರು ಮುಗಿದಿದೆ ಎಂದು ಬ್ಯಾಂಕು ಬರೆದು ತಿಳಿಸುವವರೆಗೆ ತಡೆಯಿರಿ.

ಹಣದ ದೂರುಗಳಲ್ಲಿ ಮುಖ್ಯವಾಗಿ ಮೂರು ಬಗೆ ಇವೆ. ನಮ್ಮದು ಯಾವ ಬಗೆಯದು ಎಂದು ಗುರುತಿಸುವುದರಲ್ಲೇ ಅರ್ಧ ಕೆಲಸ ಮುಗಿಯುತ್ತದೆ.

ಮೊದಲನೆಯದು, ನಮಗೆ ತಿಳಿಯದೆ ಬೇರೆಯವರು ನಮ್ಮ ಖಾತೆಯಿಂದ ಹಣ ತೆಗೆದದ್ದು. ಇದಕ್ಕೆ ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಸ್ಪಷ್ಟ ಸುತ್ತೋಲೆ ಹೊರಡಿಸಿತು. ಬ್ಯಾಂಕಿನದೂ ಗ್ರಾಹಕರದೂ ತಪ್ಪಿಲ್ಲದೆ ಮೂರನೆಯವರಿಂದ ನಷ್ಟವಾಗಿದ್ದರೆ, ಬ್ಯಾಂಕಿನಿಂದ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟವರ ಮೇಲೆ ನಷ್ಟದ ಹೊರೆ ಬೀಳಬಾರದು ಎಂದು ಅದು ಹೇಳಿತು. ಇಂಥ ಮೋಸಕ್ಕೆ 1930 ಸಹಾಯವಾಣಿಗೂ ತಡಮಾಡದೆ ಕರೆ ಮಾಡಬೇಕು. ಎರಡನೆಯದು, ವಹಿವಾಟು ಅರ್ಧದಲ್ಲೇ ನಿಂತು ನಮ್ಮ ಖಾತೆಯಿಂದ ಹಣ ಕಡಿತವಾಗಿದ್ದು, ಅಂಗಡಿಯವರಿಗೆ ಅದರ ಖಾತರಿ ತಲುಪದೇ ಇದ್ದದ್ದು. ಇದಕ್ಕೆ 2019ರ ಸೆಪ್ಟೆಂಬರ್ 20ರ ಸುತ್ತೋಲೆ ಇದೆ. ವಹಿವಾಟು ನಡೆದ ಐದು ದಿನಗಳೊಳಗೆ ಹಣ ತಾನಾಗಿ ಮರಳಬೇಕು. ಅದು ಮೀರಿದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಸೇರಬೇಕು.

ಮೂರನೆಯದು ನಮ್ಮ ಟೈಲರಮ್ಮನ ಬಗೆ. ಹಣ ಕೊಟ್ಟವರು ಅವರೇ, ವಹಿವಾಟೂ ಪೂರ್ತಿಯಾಗಿದೆ, ಸಾಮಾನು ಮಾತ್ರ ಇಲ್ಲ. ಮೇಲಿನ ಎರಡು ಸುತ್ತೋಲೆಗಳೂ ಇದಕ್ಕೆ ಹೊಂದುವುದಿಲ್ಲ. ಇಲ್ಲಿ ನಡೆಯುವುದು ಕಾರ್ಡು ಜಾಲಗಳ ನಿಯಮ. ಹಣ ಹೋದ ಸಿಟ್ಟಿನಲ್ಲಿ ಅನೇಕರು ಬ್ಯಾಂಕಿಗೆ ಹೋಗಿ ‘ನನ್ನ ಖಾತೆಗೆ ಕನ್ನ ಹಾಕಿದ್ದಾರೆ’ ಎಂದುಬಿಡುತ್ತಾರೆ. ಬ್ಯಾಂಕಿನವರು ದಾಖಲೆ ತೆಗೆದು ನೋಡಿದರೆ ಒಟಿಪಿ ಸರಿಯಾಗಿ ಬಿದ್ದಿರುತ್ತದೆ. ಅಲ್ಲಿಗೆ ದೂರು ವಜಾ. ನಿಜವಾದ ಅನ್ಯಾಯವೊಂದು ತಪ್ಪು ಹೆಸರಿನಲ್ಲಿ ಹೋದದ್ದಕ್ಕೆ ಬಿದ್ದುಹೋಗುತ್ತದೆ. ಆದ್ದರಿಂದ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ‘ಹಣ ಕೊಟ್ಟದ್ದು ನಾನೇ. ಒಟಿಪಿ ಹಾಕಿದ್ದೂ ನಾನೇ. ಇಂಥ ದಿನ ತಲುಪಬೇಕಿದ್ದ ವಸ್ತು ಇಂದಿಗೂ ತಲುಪಿಲ್ಲ. ಚಾರ್ಜ್‌ಬ್ಯಾಕ್ ದಾಖಲಿಸಿ.’ ಇಷ್ಟು ಸಾಕು. ಇಲ್ಲಿ ಸತ್ಯವೇ ಬಲವಾದ ವಾದ.

ಬಾಯಲ್ಲಿ ಹೇಳಿದ್ದು ಬ್ಯಾಂಕಿನ ಹೊಸ್ತಿಲು ದಾಟುವುದರೊಳಗೆ ಮಾಯವಾಗುತ್ತದೆ. ಬರೆದು ಕೊಡಬೇಕು, ಕೊಟ್ಟದ್ದಕ್ಕೆ ದೂರಿನ ಸಂಖ್ಯೆಯನ್ನೋ ಮೊಹರು ಬಿದ್ದ ಪ್ರತಿಯನ್ನೋ ಪಡೆಯಬೇಕು. ಜೊತೆಗೆ ಇಡಬೇಕಾದ ಕಾಗದಗಳು ಹೆಚ್ಚೇನಿಲ್ಲ. ಆರ್ಡರ್ ಮಾಡಿದಾಗ ಬಂದ ಮೇಲ್ ಅಥವಾ ಸಂದೇಶ, ಇಂಥ ದಿನ ತಲುಪಿಸುತ್ತೇವೆ ಎಂದು ಬರೆದಿರುವ ಪುಟದ ಸ್ಕ್ರೀನ್‌ಶಾಟ್, ಹಣ ಕಡಿತವಾದ ದಿನದ ಪಾಸ್‌ಬುಕ್ ಅಥವಾ ಸ್ಟೇಟ್‌ಮೆಂಟ್, ಅಂಗಡಿಯವರನ್ನು ನಾವು ಕೇಳಿದ್ದಕ್ಕೆ ಮತ್ತು ಅವರು ಹೇಳಿದ್ದಕ್ಕೆ ಗುರುತು. ಈ ಕೊನೆಯದು ಬಹಳ ಮುಖ್ಯ. ಮೊದಲು ಅಂಗಡಿಯವರನ್ನೇ ಕೇಳಿದಿರಾ ಎಂದು ಬ್ಯಾಂಕು ಕೇಳಿಯೇ ಕೇಳುತ್ತದೆ. ಫೋನಿನಲ್ಲಿ ಆಡಿದ ಮಾತಿಗೆ ಪುರಾವೆ ಇರುವುದಿಲ್ಲ. ಅದಕ್ಕೇ ಒಂದು ಮೇಲನ್ನೋ ಸಂದೇಶವನ್ನೋ ಕಳಿಸಿ ಇಟ್ಟುಕೊಳ್ಳುವುದು ಮೇಲು.

ಗಡುವಿನ ಮೇಲೂ ಕಣ್ಣಿರಬೇಕು. ವೀಸಾ ಮತ್ತು ಮಾಸ್ಟರ್‌ಕಾರ್ಡ್ ಜಾಲಗಳಲ್ಲಿ ಇಂಥ ದಾವೆಗೆ ಸಾಮಾನ್ಯವಾಗಿ 120 ದಿನಗಳ ಅವಕಾಶವಿದೆ. ಸಾಮಾನು ತಲುಪಬೇಕಿದ್ದ ದಿನದಿಂದ ಅದನ್ನು ಎಣಿಸುವುದು ವಾಡಿಕೆ. ರುಪೇಗೆ ಅದರದೇ ಗಡುವು ಇದೆ. ಅಂಗಡಿಯವರು ‘ಇನ್ನೆರಡು ವಾರ ತಾಳಿ’ ಎನ್ನುತ್ತಲೇ ಈ ದಿನಗಳನ್ನು ಕಳೆಸಿಬಿಡುವುದುಂಟು. ತಾಳ್ಮೆ ಒಳ್ಳೆಯ ಗುಣವೇ, ಆದರೆ ಗಡುವು ಮೀರಿದ ಮೇಲೆ ಆ ತಾಳ್ಮೆಯಿಂದ ಲಾಭವಾಗುವುದು ಮೋಸ ಮಾಡಿದವರಿಗೆ. ಹೇಳಿದ ದಿನ ದಾಟಿತೇ? ಒಮ್ಮೆ ಬರೆದು ಕೇಳಿ, ಸಣ್ಣದೊಂದು ಗಡುವು ಕೊಡಿ, ಅದೂ ದಾಟಿದರೆ ಬ್ಯಾಂಕಿಗೆ ನಡೆಯಿರಿ.

ನಾವೂ ಅದನ್ನೇ ಮಾಡಿದೆವು. ಟೈಲರಮ್ಮನ ಜೊತೆ ಕುಳಿತು ಒಂದು ಪುಟದ ಅರ್ಜಿ ಬರೆದು, ಅವರ ಮಗಳ ಫೋನಿನಲ್ಲಿದ್ದ ಸಂದೇಶಗಳನ್ನು ಪ್ರಿಂಟ್ ತೆಗೆಸಿ ಲಗತ್ತಿಸಿ, ಮ್ಯಾನೇಜರರ ಕೈಗೇ ಕೊಟ್ಟೆವು. ಕೌಂಟರಿನಲ್ಲಿ ಆಗುವುದಿಲ್ಲವೆಂದ ಕೆಲಸ ಒಳಗಿನ ಕೋಣೆಯಲ್ಲಿ ಕಾಗದದ ಮೇಲೆ ಆಗುವುದಾಯಿತು. ಅಂಗಡಿಯವರು ಪುರಾವೆ ಕೊಡಲಿಲ್ಲ. ಕೆಲವು ವಾರಗಳ ಮೇಲೆ ಹಣ ಖಾತೆಗೆ ಮರಳಿತು. ಆ ಮ್ಯಾನೇಜರರು ಮಾಡಿದ್ದು ಉಪಕಾರವಲ್ಲ, ಕೆಲಸ. ಆದರೂ ಅದನ್ನು ಶ್ರದ್ಧೆಯಿಂದ ಮಾಡಿದರು ಎಂಬುದಕ್ಕೆ ನನಗೆ ಅವರ ಮೇಲೆ ಗೌರವವಿದೆ.

ಎಲ್ಲರಿಗೂ ಇಷ್ಟು ಸಲೀಸಾಗಿ ದಕ್ಕುವುದಿಲ್ಲ. ಬ್ಯಾಂಕು ಅರ್ಜಿಯನ್ನೇ ಪಡೆಯದಿದ್ದರೆ, ಪಡೆದು ಸುಮ್ಮನಿದ್ದರೆ, ಕಾರಣ ಹೇಳದೆ ತಳ್ಳಿಹಾಕಿದರೆ ಏನು ಮಾಡಬೇಕು? ಮೂವತ್ತು ದಿನ ಕಳೆದರೂ ಉತ್ತರ ಬಾರದಿದ್ದರೆ, ಬಂದ ಉತ್ತರ ಸಮಾಧಾನ ತಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಬಳಿಗೆ ಹೋಗಬಹುದು. 2021ರ ನವೆಂಬರ್ 12ರಂದು ಆರಂಭವಾದ ಏಕೀಕೃತ ಯೋಜನೆಯಿಂದಾಗಿ ದೇಶಕ್ಕೆಲ್ಲ ಒಂದೇ ವ್ಯವಸ್ಥೆ ಬಂತು. ಶುಲ್ಕವಿಲ್ಲ, ವಕೀಲರನ್ನು ಹಿಡಿಯಬೇಕಿಲ್ಲ. ರಿಸರ್ವ್ ಬ್ಯಾಂಕಿನ ದೂರು ಜಾಲತಾಣದಲ್ಲಿ ಬರೆಯಬಹುದು, ಚಂಡೀಗಢದಲ್ಲಿರುವ ದೂರು ಸ್ವೀಕಾರ ಕೇಂದ್ರಕ್ಕೆ ಅಂಚೆಯಲ್ಲೂ ಕಳಿಸಬಹುದು. ಅಂಚೆಯ ದೂರು ಯಾವ ಭಾಷೆಯಲ್ಲಿದ್ದರೂ ಸಲ್ಲುತ್ತದೆ, ಕನ್ನಡದಲ್ಲೂ. 14448ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾಹಿತಿ ಸಿಗುತ್ತದೆ. ಒಂದು ಸೂಕ್ಷ್ಮ ನೆನಪಿರಲಿ: ಓಂಬುಡ್ಸ್‌ಮನ್ ನೋಡುವುದು ಬ್ಯಾಂಕಿನ ಸೇವೆಯಲ್ಲಿ ಕೊರತೆಯಾಯಿತೇ ಎಂಬುದನ್ನು. ಅಂಗಡಿಯವರ ತಪ್ಪಿನ ವಿಚಾರಣೆ ಅಲ್ಲಿ ನಡೆಯುವುದಿಲ್ಲ. ಹಾಗಾಗಿ ದೂರಿನಲ್ಲಿ ‘ಚಾರ್ಜ್‌ಬ್ಯಾಕ್ ಕೋರಿ ಇಂಥ ದಿನ ಅರ್ಜಿ ಕೊಟ್ಟೆ, ಬ್ಯಾಂಕು ಹೀಗೆ ಮಾಡಿತು’ ಎಂದು ಬರೆಯಬೇಕು.

ಅಂಗಡಿಯವರನ್ನು ಹಿಡಿಯಲು ಬೇರೆ ದಾರಿ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 2020ರ ಜುಲೈನಲ್ಲಿ ಇ-ವಾಣಿಜ್ಯದ ನಿಯಮಗಳು ಬಂದವು. ಅವುಗಳ ಪ್ರಕಾರ ಪ್ರತಿ ಆನ್‌ಲೈನ್ ವ್ಯಾಪಾರ ಸಂಸ್ಥೆಯೂ ಕುಂದುಕೊರತೆ ಅಧಿಕಾರಿಯನ್ನು ನೇಮಿಸಿ, ಅವರ ಹೆಸರು ಮತ್ತು ಸಂಪರ್ಕವನ್ನು ತನ್ನ ತಾಣದಲ್ಲಿ ಹಾಕಬೇಕು. ದೂರು ಬಂದ 48 ಗಂಟೆಗಳೊಳಗೆ ತಲುಪಿದೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಅದೂ ನಡೆಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಕನ್ನಡದಲ್ಲೂ ಮಾತಾಡಬಹುದು. ಕೊನೆಗೆ ಜಿಲ್ಲಾ ಗ್ರಾಹಕ ಆಯೋಗವಿದೆ. ಅಂಗಡಿ ದೆಹಲಿಯಲ್ಲಿರಲಿ, ಸೂರತ್‌ನಲ್ಲಿರಲಿ, ನಾವು ವಾಸಿಸುವ ಜಿಲ್ಲೆಯಲ್ಲೇ ದಾವೆ ಹೂಡಬಹುದು ಎಂಬುದು 2019ರ ಕಾಯ್ದೆ ಕೊಟ್ಟ ದೊಡ್ಡ ಬಲ. ಐದು ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ದಾವೆ ಹೂಡಬೇಕು ಅಷ್ಟೆ.

ಇಲ್ಲಿ ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಹಣ ಕಳೆದುಕೊಂಡ ಆತಂಕದಲ್ಲಿ ಅಂಗಡಿಯ ಸಹಾಯವಾಣಿ ಸಂಖ್ಯೆಯನ್ನು ಅಂತರ್ಜಾಲದಲ್ಲಿ ಹುಡುಕಿ, ಕಣ್ಣಿಗೆ ಬಿದ್ದ ಮೊದಲ ಸಂಖ್ಯೆಗೆ ಕರೆ ಮಾಡುವವರು ಬಹಳ. ಅಲ್ಲಿ ಕಳ್ಳರು ಕಾದು ಕುಳಿತಿರುತ್ತಾರೆ. ‘ರೀಫಂಡ್ ಕಳಿಸುತ್ತೇವೆ, ಪಿನ್ ಒತ್ತಿ’ ಎನ್ನುತ್ತಾರೆ. ಹಣ ಪಡೆಯಲು ಯಾರೂ ಯುಪಿಐ ಪಿನ್ ಒತ್ತಬೇಕಿಲ್ಲ, ಪಿನ್ ಬೇಕಾಗುವುದು ಕೊಡುವಾಗ. ಸಹಾಯವಾಣಿ ಸಂಖ್ಯೆಯನ್ನು ಅಂಗಡಿಯ ಸ್ವಂತ ಆ್ಯಪಿನಿಂದಲೇ, ಬ್ಯಾಂಕಿನ ಸಂಖ್ಯೆಯನ್ನು ಕಾರ್ಡಿನ ಹಿಂಬದಿಯಿಂದಲೇ ತೆಗೆದುಕೊಳ್ಳಿ. ಎರಡನೆಯದು, ಸಾಮಾಜಿಕ ಜಾಲತಾಣದಲ್ಲಿ ಸೀರೆಯ ಚಿತ್ರ ನೋಡಿ ಯಾರದೋ ಖಾಸಗಿ ಮೊಬೈಲ್ ಸಂಖ್ಯೆಗೆ ಮುಂಗಡ ಹಣ ಹಾಕುವುದು. ಅದು ಒಬ್ಬ ವ್ಯಕ್ತಿಯಿಂದ ಇನ್ನೊಬ್ಬ ವ್ಯಕ್ತಿಗೆ ಹೋದ ಹಣ. ಕಾರ್ಡಿನ ಚಾರ್ಜ್‌ಬ್ಯಾಕ್ ದಾರಿ ಅಲ್ಲಿ ಇಲ್ಲ. ಪರಿಚಯವಿಲ್ಲದವರಿಂದ ಕೊಳ್ಳುವಾಗ ಸಾಮಾನು ಬಂದ ಮೇಲೆ ಹಣ ಕೊಡುವ ಅವಕಾಶವಿದ್ದರೆ ಅದೇ ಮೇಲು.

ಹಕ್ಕಿನ ಮಾತು ಆಡುವಾಗ ಹೊಣೆಯ ಮಾತನ್ನೂ ಆಡಬೇಕು. ಚಾರ್ಜ್‌ಬ್ಯಾಕ್ ಆದಾಗ ಹಣ ಕಿತ್ತುಕೊಳ್ಳುವುದು ಮಾರಿದವರ ಖಾತೆಯಿಂದ. ಚನ್ನಪಟ್ಟಣದ ಗೊಂಬೆ ಮಾಡುವವರು, ಇಳಕಲ್ ಸೀರೆ ನೇಯುವವರು, ಮಲೆನಾಡಿನಿಂದ ಕಾಫಿಪುಡಿ ಕಳಿಸುವವರು ಇಂದು ಆನ್‌ಲೈನ್‌ನಲ್ಲಿ ನೇರವಾಗಿ ಮಾರುತ್ತಿದ್ದಾರೆ. ಮಳೆಗೆ ರಸ್ತೆ ಕಡಿದು ಕೊರಿಯರ್ ಎರಡು ದಿನ ತಡವಾಯಿತೆಂದು, ಸಾಮಾನು ಬಂದಿದ್ದರೂ ಬಂದಿಲ್ಲವೆಂದು ದೂರು ಕೊಟ್ಟರೆ ಅವರ ಹೊಟ್ಟೆಯ ಮೇಲೆ ಹೊಡೆದಂತೆ. ಕೆಲವರು ಬುದ್ಧಿವಂತಿಕೆಯೆಂದು ಹೀಗೆ ಮಾಡುತ್ತಾರೆ. ಅದು ಕಳ್ಳತನ. ಸುಳ್ಳು ದೂರುಗಳು ಹೆಚ್ಚಿದಷ್ಟೂ ನಿಜವಾದ ದೂರನ್ನು ಬ್ಯಾಂಕಿನವರು ಅನುಮಾನದಿಂದ ನೋಡುತ್ತಾರೆ. ಆ ಅನುಮಾನಕ್ಕೆ ಬೆಲೆ ತೆರುವವರು ಟೈಲರಮ್ಮನಂಥವರು. ಆದ್ದರಿಂದ ಮೊದಲು ಮಾರಿದವರನ್ನು ಕೇಳುವುದು ಬರೀ ವಿಧಿಯಲ್ಲ, ಅದು ಅವರಿಗೆ ಸಲ್ಲಬೇಕಾದ ಮರ್ಯಾದೆ. ದೂರು ಕೊಟ್ಟ ಮೇಲೆ ಸಾಮಾನು ಬಂದರೆ ಬ್ಯಾಂಕಿಗೆ ತಿಳಿಸಿ ದೂರು ಹಿಂಪಡೆಯುವುದೂ ಅದೇ ಮರ್ಯಾದೆಯ ಭಾಗ.

ಬ್ಯಾಂಕುಗಳೂ ತಮ್ಮ ಮನೆ ಸರಿಪಡಿಸಿಕೊಳ್ಳಬೇಕು. ನಮ್ಮ ಕರಾವಳಿ ಬ್ಯಾಂಕುಗಳ ತವರು. ಕೆನರಾ ಬ್ಯಾಂಕು 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿತು. 1928ರಲ್ಲಿ ಸಿಂಡಿಕೇಟ್ ಬ್ಯಾಂಕು ಪಿಗ್ಮಿ ಠೇವಣಿ ಶುರುಮಾಡಿ, ಏಜೆಂಟರನ್ನು ಮನೆಮನೆಗೆ ಕಳಿಸಿ ಚಿಲ್ಲರೆ ಕಾಸಿಗೂ ಲೆಕ್ಕ ಇಟ್ಟಿತು. ಬಡವರ ಸಣ್ಣ ಹಣವೂ ಹಣವೇ ಎಂಬ ತಿಳಿವಳಿಕೆಯ ಮೇಲೆ ಆ ಬ್ಯಾಂಕುಗಳು ಬೆಳೆದವು. ಇಂದು ಆ ತಿಳಿವಳಿಕೆ ಬೇಕಾಗಿರುವುದು ದೂರಿನ ಮೇಜಿನಲ್ಲಿ. ಗ್ರಾಹಕರು ಬಳಸುವ ಅರ್ಜಿ ನಮೂನೆಗಳು ಇಂಗ್ಲಿಷ್ ಮತ್ತು ಹಿಂದಿಯ ಜೊತೆಗೆ ಆಯಾ ಪ್ರದೇಶದ ಭಾಷೆಯಲ್ಲೂ ಇರಬೇಕೆಂದು ರಿಸರ್ವ್ ಬ್ಯಾಂಕು ಹೇಳಿದೆ. ಕಾರ್ಡು ವಿವಾದದ ಅರ್ಜಿ ಕನ್ನಡದಲ್ಲಿ ಸಿಗುವ ಶಾಖೆ ಎಷ್ಟಿವೆ ಎಂದು ಪ್ರತಿ ಬ್ಯಾಂಕೂ ತನ್ನನ್ನು ಕೇಳಿಕೊಳ್ಳಲಿ. ಕೌಂಟರಿನ ಹೊಸ ಹುಡುಗನಿಗೆ ಸಾಲ, ವಿಮೆ ಮಾರುವ ತರಬೇತಿ ಕೊಡುತ್ತೀರಿ. ಮೋಸ ಬೇರೆ, ವಿಫಲ ವಹಿವಾಟು ಬೇರೆ, ತಲುಪದ ಸಾಮಾನು ಬೇರೆ ಎಂಬುದನ್ನೂ ಒಂದು ದಿನ ಹೇಳಿಕೊಡಿ. ಆ ಒಂದು ಪಾಠದಿಂದ ಎಷ್ಟೋ ಮನೆಗಳ ದುಡ್ಡು ಉಳಿಯುತ್ತದೆ.

ಹಣ ಸಣ್ಣದಲ್ಲವೇ, ಯಾರು ಅಲೆದಾಡುತ್ತಾರೆ ಎಂದು ನಾವು ಬಿಟ್ಟುಬಿಡುತ್ತೇವೆ. ನಾವು ಬಿಡುತ್ತೇವೆ ಎಂಬುದೇ ಮೋಸದ ಅಂಗಡಿಗಳ ಬಂಡವಾಳ. ಒಬ್ಬರು ಬಿಟ್ಟ ಸಾವಿರ ರೂಪಾಯಿ ಇನ್ನೊಬ್ಬರಿಗೆ ಬಲೆ ಬೀಸಲು ಬಳಕೆಯಾಗುತ್ತದೆ. ಒಬ್ಬರು ಕೇಳಿ ಪಡೆದರೆ ಮುಂದಿನವರಿಗೆ ದಾರಿ ತೆರೆಯುತ್ತದೆ. ಆದ್ದರಿಂದ ನಿಮ್ಮ ಮನೆಯಲ್ಲಿ, ನೆರೆಯಲ್ಲಿ ಯಾರಾದರೂ ಹೀಗೆ ಹಣ ಕೊಟ್ಟು ಕಾಯುತ್ತಿದ್ದರೆ ಇಂದೇ ಅವರ ಜೊತೆ ಕುಳಿತು ಒಂದು ಪುಟ ಬರೆಯಿರಿ. ನಿಜವನ್ನೇ ಬರೆಯಿರಿ, ಗಡುವಿನೊಳಗೆ ಕೊಡಿ, ದೂರಿನ ಸಂಖ್ಯೆ ಪಡೆಯದೆ ಬ್ಯಾಂಕಿನಿಂದ ಹೊರಬರಬೇಡಿ.